ತಕರಾರು ಹುಟ್ಟಿದ್ದು ಕರಾರಿನಿಂದಲಾ?

ಹಳೇ ಪಹಣಿ:
ಎಲ್ಲರಿಗೂ ನಮಸ್ಕಾರ. ಮೊನ್ನೆ ತಾಲ್ಲೂಕು ಕಚೇರಿಯ ಬೆಂಚಿನ ಮೇಲೆ ಮೂರು ಗಂಟೆ ಕೂತಿದ್ದೆ. ನಮ್ಮ ಖಾತೆ ಬದಲಾವಣೆಗೆ ಚಿಕ್ಕಪ್ಪ ತಕರಾರು ಅರ್ಜಿ ಹಾಕಿದ್ದಾರೆ. ಆ ಪುರಾಣ ಇಲ್ಲಿ ಬೇಡ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಹೊತ್ತು ಹೋಗಲಿ ಅಂತ ಒಂದು ಪಾಠ ಮಾಡಿದರು. "ಕರಾರು ಅಂದರೆ ಒಪ್ಪಂದ. ಅದು ತಪ್ಪಿದರೆ ತಕರಾರು. ಮುಂದಿರೋ ತ ಅಂದರೆ ತಪ್ಪಿದ್ದು ಅಂತ." ಕೇಳೋಕೆ ಚೆನ್ನಾಗಿತ್ತು, ಆದರೆ ನನಗೆ ನಂಬಿಕೆ ಬರಲಿಲ್ಲ. ಮನೆಗೆ ಬಂದು ನಿಘಂಟು ತೆಗೆದೆ. ಎರಡೂ ಅರಬ್ಬಿ ಮೂಲದವು ಅಂತ ಗೊತ್ತಾಯಿತು, ಅದರಾಚೆ ಏನೂ ಸಿಗಲಿಲ್ಲ. ಇಲ್ಲಿ ಅರಬ್ಬಿ, ಫಾರ್ಸಿ, ಉರ್ದು ಬಲ್ಲವರು ಇದ್ದೀರಲ್ಲ, ಸ್ವಲ್ಪ ಬಿಡಿಸಿ ಹೇಳಿ.

ಬೀದರ್ ಮೇಷ್ಟ್ರು:
ಆ ಹಿರಿಯರಿಗೆ ನನ್ನ ನಮಸ್ಕಾರ ತಿಳಿಸಿ. ಆದರೆ ಎರಡಕ್ಕೂ ಸಂಬಂಧ ಇಲ್ಲ.

ಕನ್ನಡದಲ್ಲಿ ಬರೆದಾಗ ಎರಡರಲ್ಲೂ ಒಂದೇ ಕ. ಅರಬ್ಬಿಯಲ್ಲಿ ಅವು ಬೇರೆ ಬೇರೆ ಅಕ್ಷರ. ತಕರಾರಿನ ಕ ನಾವು ಮಾಮೂಲಾಗಿ ಹೇಳುವ ಕ. ಕರಾರಿನ ಕ ಕಿರುನಾಲಿಗೆಯ ಹತ್ತಿರದಿಂದ ಹೊರಡಬೇಕು. ನನ್ನ ಮಕ್ಕಳಿಗೆ ಬಾಯಿ ಕ, ಗಂಟಲು ಕ ಅಂತ ಹೇಳಿಕೊಡುತ್ತೇನೆ. ಇಲ್ಲೂ ಹಾಗೇ ಕರೆಯೋಣ.

ಅರಬ್ಬಿಯಲ್ಲಿ ಹೆಚ್ಚಿನ ಪದಗಳು ಮೂರು ವ್ಯಂಜನದ ಬೇರಿನಿಂದ ಚಿಗುರುತ್ತವೆ. ಗಂಟಲು ಕ ಇರುವ ಕ-ರ-ರ ಬೇರಿಗೆ ನೆಲೆ ನಿಲ್ಲು ಅನ್ನುವ ಅರ್ಥ. ಅದರಿಂದ ಬಂದದ್ದು ಕರಾರ್: ನೆಲೆ, ನೆಮ್ಮದಿ, ತೀರ್ಮಾನ. ಬಾಯಿ ಕ ಇರುವ ಕ-ರ-ರ ಬೇರಿನ ಅರ್ಥ ಇನ್ನೇನೋ. ಯುದ್ಧದಲ್ಲಿ ಕುದುರೆ ಸವಾರ ಹಿಂದಕ್ಕೆ ಸರಿದು, ಕುದುರೆ ತಿರುಗಿಸಿ, ಮತ್ತೆ ಮೇಲೆ ಬೀಳುತ್ತಾನಲ್ಲ, ಅದು ಕರ್‍ರ್. ಹಜರತ್ ಅಲಿ ಅವರಿಗೆ ಹೈದರೆ ಕರ್‍ರಾರ್ ಅನ್ನುವ ಬಿರುದು ಇದೆ. ಮತ್ತೆ ಮತ್ತೆ ಎರಗುವ ಸಿಂಹ ಅಂತ. ಇದೇ ಬೇರಿನಿಂದ ತಕ್ರಾರ್ ಆಯಿತು. ಅರಬ್ಬಿಯಲ್ಲಿ ಅದಕ್ಕೆ ಅರ್ಥ ಒಂದೇ, ಮತ್ತೆ ಮತ್ತೆ ಆಗುವುದು ಅಥವಾ ಮಾಡುವುದು. ಕುರಾನಿನ ರಹಮಾನ್ ಅಧ್ಯಾಯದಲ್ಲಿ "ನಿಮ್ಮ ಒಡೆಯನ ಯಾವ ಕೊಡುಗೆಯನ್ನು ಅಲ್ಲಗಳೆಯುತ್ತೀರಿ" ಅನ್ನುವ ಒಂದೇ ಸಾಲು 31 ಸಲ ಬರುತ್ತದೆ. ಅದನ್ನು ವಿವರಿಸುವ ಪಂಡಿತರು ಬಳಸುವ ಪದ ತಕ್ರಾರ್. ಅಲ್ಲಿ ಜಗಳದ ವಾಸನೆಯೂ ಇಲ್ಲ.

ಅಂದರೆ ಒಂದು ಪದ ನಿಂತಲ್ಲೇ ನಿಲ್ಲುವುದು, ಇನ್ನೊಂದು ತಿರುಗಿ ತಿರುಗಿ ಬರುವುದು. ಕನ್ನಡಕ್ಕೆ ಬರುವಾಗ ಗಂಟಲು ಕ ಬಿದ್ದುಹೋಯಿತು, ಎರಡೂ ಅಣ್ಣತಮ್ಮಂದಿರ ಹಾಗೆ ಕಾಣತೊಡಗಿದವು.

ಕೆರೆ ಏರಿ:
ಮೇಷ್ಟ್ರೇ, ಕ್ಷಮಿಸಿ. ನಮ್ಮ ಅಜ್ಜ ಶಾನುಭೋಗರಾಗಿದ್ದವರು. ಅವರೂ ಕರಾರಿನಿಂದಲೇ ತಕರಾರು ಅನ್ನುತ್ತಿದ್ದರು. ಅರ್ಥ ಇಷ್ಟು ಚೆನ್ನಾಗಿ ಹೊಂದುವಾಗ ಸುಮ್ನೆ ಅರಬ್ಬಿ ಕುದುರೆ ಯಾಕೆ ತರೋದು?

ಮಸ್ಕತ್ ಮೈಸೂರಿಗ:
ಕೆರೆ ಏರಿ ಅವರೇ, ಅರ್ಥ ಹೊಂದುತ್ತೆ ಅಂತ ನಂಬಿ ನಾನು ಮರ್ಯಾದೆ ಕಳೆದುಕೊಂಡವನು. ಕೇಳಿ.

ನಾನಿಲ್ಲಿ ಕೆಲಸಕ್ಕೆ ಸೇರಿದ ಹೊಸತು. ಚಿಕ್ಕವನಿದ್ದಾಗ ಪಕ್ಕದ ಮನೆಯವರ ಹತ್ತಿರ ಉರ್ದು ಓದಲು ಕಲಿತಿದ್ದೆ, ಹಾಗಾಗಿ ಅರಬ್ಬಿ ಅಕ್ಷರ ಕೂಡಿಸಿ ಓದುವಷ್ಟು ಬರುತ್ತಿತ್ತು. ಒಂದು ದಿನ ಈಜಿಪ್ಟಿನ ಸಹೋದ್ಯೋಗಿ ಒಂದು ಎಕ್ಸೆಲ್ ಹಾಳೆ ಕಳಿಸಿದರು. ಒಂದು ಕಾಲಂ ಮೇಲೆ ತಕ್ರಾರ್ ಅಂತ ಇತ್ತು. ಕೆಳಗೆ ಸಂಖ್ಯೆಗಳು: 14, 9, 22, ಹೀಗೆ. ಆಹಾ, ಯಾವ ಸಾಮಾನಿನ ಬಗ್ಗೆ ಎಷ್ಟು ದೂರು ಬಂದಿದೆ ಅನ್ನುವ ಲೆಕ್ಕ ಅಂದುಕೊಂಡೆ. ಮೀಟಿಂಗ್‌ನಲ್ಲಿ ಎದ್ದು ನಿಂತು "ಈ ಪಂಪಿನ ಮೇಲೆ 22 ದೂರು ಬಂದಿದೆ, ಇದನ್ನು ತರಿಸೋದು ನಿಲ್ಲಿಸಬೇಕು" ಅಂದೆ. ಎಲ್ಲರೂ ನನ್ನನ್ನೇ ನೋಡಿದರು. ಆ ಪಂಪು 22 ಸಲ ಮಾರಾಟವಾಗಿತ್ತು! ಸಂಖ್ಯಾಶಾಸ್ತ್ರದಲ್ಲಿ ಒಂದು ಅಂಕಿ ಎಷ್ಟು ಸಲ ಬಂತು ಅನ್ನುವುದಕ್ಕೆ ಇವರು ಬಳಸುವ ಪದವೇ ತಕ್ರಾರ್. ಎಲ್ಲಕ್ಕಿಂತ ಜಾಸ್ತಿ ಓಡುತ್ತಿದ್ದ ಮಾಲನ್ನು ನಾನು ನಿಲ್ಲಿಸಲು ಹೊರಟಿದ್ದೆ.

ಆಮೇಲೆ ಗಮನಿಸಿದ್ದು: ಈಜಿಪ್ಟಿನ ಕಾನೂನು ಪುಸ್ತಕದಲ್ಲಿ 11ನೇ ವಿಧಿ ಆದಮೇಲೆ "11 ಮುಕರ್ರರ್" ಅಂತ ಬರುತ್ತೆ. ನಾವು 11ಎ ಅಂತ ಬರೆಯುತ್ತೇವಲ್ಲ, ಹಾಗೆ. ಮನೆ ನಂಬರಿಗೂ ಹೀಗೇ ಹಾಕುತ್ತಾರೆ.

ಗಝಲ್ ಗೀಳು:
ಮುಕರ್ರರ್ ಅಂದ ಕೂಡಲೇ ಬಂದೆ! ಮುಶಾಯಿರಾದಲ್ಲಿ, ಅಂದರೆ ಉರ್ದು ಕವಿಗೋಷ್ಠಿಯಲ್ಲಿ, ಒಳ್ಳೆ ಶೇರ್ (ದ್ವಿಪದಿ) ಬಿದ್ದರೆ ಸಭಿಕರು "ಮುಕರ್ರರ್, ಮುಕರ್ರರ್" ಅಂತ ಕೂಗುತ್ತಾರೆ. ಇನ್ನೊಂದು ಸಲ ಹೇಳಿ ಅಂತ. ನಮ್ಮ ನಾಟಕಗಳಲ್ಲಿ ವನ್ಸ್ ಮೋರ್ ಅಂತಿದ್ದರಲ್ಲ, ಅದೇ.

ಉರ್ದು ಕವಿ ಗಾಲಿಬ್ ಈ ಪದವನ್ನು ಬಳಸಿದ ರೀತಿ ನನ್ನ ತಲೆಯಿಂದ ಹೋಗುವುದೇ ಇಲ್ಲ. ದೇವರೇ, ಕಾಲ ನನ್ನನ್ನೇಕೆ ಅಳಿಸುತ್ತಿದೆ, ಲೋಕದ ಹಲಗೆಯ ಮೇಲೆ ನಾನು ಹರ್ಫೆ ಮುಕರ್ರರ್ ಅಲ್ಲವಲ್ಲ ಅನ್ನುತ್ತಾನೆ. ನಕಲು ಮಾಡುವವನು ಕೈತಪ್ಪಿ ಒಂದೇ ಅಕ್ಷರವನ್ನು ಎರಡು ಸಲ ಬರೆದರೆ ಒಂದನ್ನು ಅಳಿಸುತ್ತಾನೆ. ನಾನೇನು ಎರಡನೇ ಸಲ ಬರೆದ ಅಕ್ಷರವೇ, ಅಳಿಸೋಕೆ? ಅರಬ್ಬಿಯ ಹಳೆ ಅರ್ಥ ಉರ್ದುವಿನಲ್ಲಿ ಸತ್ತಿಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಮೇಷ್ಟ್ರ ಎರಡು ಕ ಮಾತು ಇಲ್ಲೂ ಕೆಲಸಕ್ಕೆ ಬರುತ್ತೆ. ಗಂಟಲು ಕ ಹಾಕಿ ಮುಕರ್ರರ್ ಅಂದರೆ ಉರ್ದುವಿನಲ್ಲಿ ನಿಗದಿಯಾದದ್ದು, ನೇಮಕವಾದದ್ದು. ಕೆಟ್ಟ ಉಚ್ಚಾರಣೆಯವನು ಮುಶಾಯಿರಾದಲ್ಲಿ ಕೂಗಿದರೆ ಕವಿಗೆ ನೌಕರಿ ಕೊಟ್ಟ ಹಾಗಾಗುತ್ತೆ.

ಮಸ್ಕತ್ ಮೈಸೂರಿಗ:
ಗಂಟಲು ಕ ಮುಕರ್ರರ್ ಇಲ್ಲಿ ಕಾಲೇಜಿನ ಸಿಲಬಸ್! ನಿಗದಿ ಮಾಡಿದ ಪಾಠ ಅಂತ. ಮತ್ತೆ ವಿಶ್ವಸಂಸ್ಥೆ ಏನಾದರೂ ನಿರ್ಣಯ ಮಾಡಿದರೆ ಟೀವಿಯಲ್ಲಿ "ಕರಾರ್" ಅಂತ ಓದುತ್ತಾರೆ. ಮೊದಮೊದಲು ನನಗೆ ಅದು ಬಾಡಿಗೆ ಕರಾರಿನ ಹಾಗೆ ಕೇಳುತ್ತಿತ್ತು.

ಹಳೇ ಪಹಣಿ:
ಸರಿ, ಬೇರು ಬೇರೆ ಅನ್ನೋದು ಒಪ್ಪಿದೆ. ಆದರೆ ನನ್ನ ತಲೆನೋವು ಇನ್ನೂ ಹೋಗಿಲ್ಲ. ಮತ್ತೆ ಮತ್ತೆ ಮಾಡುವುದು ಆಕ್ಷೇಪಣೆ ಹೇಗಾಯಿತು? ಯಾರು ಮಾಡಿದರು?

ಫಾರ್ಸಿ ಕಲಿಕೆ:
ಇರಾನಿನವರು ಮಾಡಲಿಲ್ಲ ಅನ್ನೋದನ್ನು ಮಾತ್ರ ಖಚಿತವಾಗಿ ಹೇಳಬಲ್ಲೆ. ಎರಡು ವರ್ಷದಿಂದ ಆನ್‌ಲೈನ್‌ನಲ್ಲಿ ಫಾರ್ಸಿ ಕಲಿಯುತ್ತಿದ್ದೇನೆ. ಮೊದಲ ತರಗತಿಯಲ್ಲೇ ಟೀಚರ್ "ತೆಕ್ರಾರ್ ಕೊನಿದ್" ಅಂದರು. ನಾನು ಬೆಚ್ಚಿಬಿದ್ದೆ. ತಕರಾರು ಮಾಡಿ ಅಂತ ಯಾವ ಟೀಚರ್ ಹೇಳುತ್ತಾರೆ? ಅವರು ಹೇಳಿದ್ದು, ನಾನು ಹೇಳಿದ್ದನ್ನು ಇನ್ನೊಮ್ಮೆ ಹೇಳಿ ಅಂತ. ಹೇಳಿದ್ದೇ ಹೇಳುವ ಬೇಸರದ ಸೀರಿಯಲ್ಲಿಗೆ ಅಲ್ಲಿ ತೆಕ್ರಾರೀ ಅನ್ನುತ್ತಾರೆ.

ಅಲ್ಲಿನ ರಾಜಕೀಯದಲ್ಲೂ ಈ ಪದ ಒಮ್ಮೆ ಸದ್ದು ಮಾಡಿತ್ತು. 2016ರ ಫೆಬ್ರವರಿ ಚುನಾವಣೆಗೆ ಮುಂಚೆ ಮಾಜಿ ಅಧ್ಯಕ್ಷ ಖಾತಮಿ ಒಂದು ವಿಡಿಯೊ ಬಿಟ್ಟರು. ತಮ್ಮ ಬಣದ ಎರಡೂ ಪಟ್ಟಿಯಲ್ಲಿರುವ ಎಲ್ಲರಿಗೂ ಮತ ಹಾಕಿ ಅಂತ ಹೇಳಿ, ಒತ್ತಿ ಹೇಳಲು "ತೆಕ್ರಾರ್ ಮೀಕೊನಮ್" ಅಂದರು. ಮತ್ತೆ ಹೇಳುತ್ತೇನೆ ಅಂತ. ಅದೇ ಘೋಷಣೆಯಾಗಿಬಿಟ್ಟಿತು. ನಮ್ಮಲ್ಲಿ ಯಾರಾದರೂ ರಾಜಕಾರಣಿ "ತಕರಾರು ಮಾಡುತ್ತೇನೆ" ಅಂದರೆ ಅದರಲ್ಲಿ ಘೋಷಣೆ ಏನು ಬಂತು, ದಿನಾ ಮಾಡೋದು ಅದೇ ತಾನೆ.

ಟರ್ಕಿ ಭಾಷೆಗೂ ಇದು ಹೋಗಿದೆ. ಅಲ್ಲಿ ತೆಕ್ರಾರ್ ಅಂದರೆ "ಮತ್ತೆ", ಇಲ್ಲವೇ ಮತ್ತೆ ಮಾಡುವುದು, ಅಷ್ಟೇ.

ಬೀದರ್ ಮೇಷ್ಟ್ರು:
ಆ ತಂಗಿ ಸರಿಯಾಗಿ ಹೇಳಿದರು. ತಿರುವು ಆದದ್ದು ನಮ್ಮ ಕಡೆ. ಉರ್ದು ನಿಘಂಟಿನಲ್ಲಿ ಎರಡೂ ಅರ್ಥ ಪಕ್ಕಪಕ್ಕದಲ್ಲಿ ಇವೆ, ಹೇಳಿದ್ದೇ ಹೇಳುವುದು ಮತ್ತು ಜಗಳ.

ಹೇಗಾಗಿರಬೇಕು ಅನ್ನುವುದನ್ನು ಊಹಿಸುವುದು ಕಷ್ಟವಲ್ಲ. ಇಬ್ಬರು ವಾದಕ್ಕೆ ನಿಂತಿದ್ದಾರೆ. ಒಬ್ಬ ಒಂದು ಹೇಳುತ್ತಾನೆ. ಇನ್ನೊಬ್ಬ ಒಪ್ಪುವುದಿಲ್ಲ. ಮೊದಲಿನವನು ಅದನ್ನೇ ಮತ್ತೆ ಹೇಳುತ್ತಾನೆ. ಅವನೂ ತನ್ನದನ್ನೇ ಮತ್ತೆ ಹೇಳುತ್ತಾನೆ. ಜಗಳ ಅನ್ನುವುದರಲ್ಲಿ ಹೊಸ ಮಾತು ಎಷ್ಟಿರುತ್ತೆ ಹೇಳಿ? ನಮ್ಮ ಬಚ್ಚಲ ನೀರಿನ ವಿಷಯದಲ್ಲಿ ಪಕ್ಕದ ಮನೆಯವರಿಗೂ ನಮಗೂ ಹನ್ನೊಂದು ವರ್ಷದಿಂದ ಅದೇ ನಾಲ್ಕು ವಾಕ್ಯ. ಉರ್ದುವಿನಲ್ಲಿ ಬಹಸ್ ಓ ತಕ್ರಾರ್ ಅಂತ ಜೋಡಿಯಾಗಿಯೇ ಹೇಳುತ್ತಾರೆ. ಈ ಜೋಡಿಯಲ್ಲಿ ಇದ್ದು ಇದ್ದು ತಕ್ರಾರ್ ಕೂಡ ಜಗಳದ ಬಣ್ಣ ಹತ್ತಿಸಿಕೊಂಡಿರಬಹುದು ಅಂತ ನನ್ನ ಲೆಕ್ಕ.

ಆ ಬಹಸ್ ಕಥೆಯೂ ಇದೇ. ಅರಬ್ಬಿಯಲ್ಲಿ ಬಹ್ಸ್ ಅಂದರೆ ಕೆದಕಿ ಹುಡುಕುವುದು. ಕುರಾನಿನಲ್ಲಿ ಆದಮನ ಮಗ ತಮ್ಮನನ್ನು ಕೊಂದು ಹೆಣ ಏನು ಮಾಡಬೇಕು ಅಂತ ತೋಚದೆ ನಿಂತಾಗ, ದೇವರು ಒಂದು ಕಾಗೆಯನ್ನು ಕಳಿಸುತ್ತಾನೆ. ಅದು ನೆಲ ಕೆದಕಿ ತೋರಿಸುತ್ತದೆ. ಅಲ್ಲಿ ಬಳಸಿರುವ ಕ್ರಿಯಾಪದ ಇದೇ. ಈಗಿನ ಅರಬ್ಬಿಯಲ್ಲಿ ಬಹ್ಸ್ ಅಂದರೆ ವಿಶ್ವವಿದ್ಯಾಲಯದ ಸಂಶೋಧನೆ. ಫಾರ್ಸಿಯಲ್ಲಿ ಚರ್ಚೆ. ಉರ್ದುವಿನಲ್ಲಿ ಚರ್ಚೆಯೂ ಹೌದು, ವಾಗ್ವಾದವೂ ಹೌದು. ಮನೆಯಲ್ಲಿ ಅಮ್ಮ "ಬಹಸ್ ಮತ್ ಕರೋ" ಅಂದರೆ ಎದುರುತ್ತರ ಕೊಡಬೇಡ ಅಂತ. ಸಂಶೋಧನೆ ಮಾಡಬೇಡ ಅಂತಲ್ಲ.

ಇನ್ನೊಂದು ವಿಷಯ ಹೇಳಿ ಮುಗಿಸುತ್ತೇನೆ. ನಮ್ಮ ದೇಶದಲ್ಲೇ ಒಂದು ಕಡೆ ತಕ್ರಾರ್ ಇವತ್ತಿಗೂ ಶುದ್ಧ ಹಳೆ ಅರ್ಥದಲ್ಲಿ ಇದೆ. ಮದರಸಾದಲ್ಲಿ ಬೆಳಿಗ್ಗೆ ಉಸ್ತಾದರು ಪಾಠ ಮಾಡುತ್ತಾರೆ. ರಾತ್ರಿ ಹುಡುಗರು ಗುಂಪಾಗಿ ಕೂರುತ್ತಾರೆ. ಒಬ್ಬ ಜಾಣ ಹುಡುಗ ಅದೇ ಪಾಠವನ್ನು ಉಳಿದವರಿಗೆ ಮತ್ತೆ ಹೇಳುತ್ತಾನೆ. ಅದಕ್ಕೆ ತಕ್ರಾರ್ ಅಂತಲೇ ಹೆಸರು. ನಾನೂ ಎಷ್ಟೋ ರಾತ್ರಿ ತಕ್ರಾರ್ ಮಾಡಿದವನೇ. ಅದರಲ್ಲಿ ಕೆಲವು ಕನ್ನಡದ ಅರ್ಥದವೂ ಇದ್ದವು ಬಿಡಿ.

ಕೆರೆ ಏರಿ:
ಎಲ್ಲ ಸರಿ, ಆದರೆ ಕರಾರು ತಪ್ಪಿದಾಗಲೇ ತಕರಾರು ಹುಟ್ಟೋದು ಅನ್ನೋದು ಸುಳ್ಳಲ್ಲವಲ್ಲ.

ಗಝಲ್ ಗೀಳು:
ನೋಡಿ, ತಕ್ರಾರ್ ಶುರು.

ಬೆಳಗಾವಿ ಕುಂದಾ:
ನಮ್ಮ ಕಡೆ ಮರಾಠಿಯನ್ನು ಬಿಟ್ಟು ಈ ಕಥೆ ಹೇಳೋಕಾಗಲ್ಲ. ಮರಾಠಿಯಲ್ಲಿ ತಕ್ರಾರ್ ಅಂದರೆ ನೇರವಾಗಿ ದೂರು. ದೂರಿನ ಪೆಟ್ಟಿಗೆ ಮೇಲೆ ತಕ್ರಾರ್ ಪೇಟಿ ಅಂತ ಬರೆದಿರುತ್ತಾರೆ. ದೂರು ಕೊಟ್ಟವನು ತಕ್ರಾರದಾರ್. ಕನ್ನಡದಲ್ಲಿ ನಾವು ದೂರಿಗೆ ದೂರು, ಫಿರ್ಯಾದು ಅನ್ನುತ್ತೇವೆ. ತಕರಾರು ಅಂದರೆ ಇನ್ನೊಬ್ಬರು ಕೇಳಿದ್ದಕ್ಕೆ ಅಡ್ಡ ಹಾಕೋದು. "ನಂದೇನೂ ತಕರಾರಿಲ್ಲ" ಅಂದರೆ ನನ್ನ ಅಡ್ಡಿ ಇಲ್ಲ ಅಂತ. ಅದನ್ನು ನನ್ನ ದೂರಿಲ್ಲ ಅಂತ ಬದಲಿಸಿದರೆ ಅರ್ಥವೇ ಬೇರೆಯಾಗುತ್ತೆ. ನಾನು ಕೋರ್ಟು ಕಾಗದ ಟೈಪ್ ಮಾಡುವವಳು, ಈ ವ್ಯತ್ಯಾಸ ನನ್ನ ಅನ್ನ.

ಇನ್ನೊಂದು ಮಜಾ ಇದೆ. ಮರಾಠಿಯಲ್ಲಿ ಹುಜ್ಜತ್ ಅಂದರೆ ಮೊಂಡು ವಾದ. ಬಸ್ಸಿನಲ್ಲಿ ಕಂಡಕ್ಟರ್ ಜೊತೆ ಚಿಲ್ಲರೆಗೆ ಮಾಡೋದು. ಮೇಷ್ಟ್ರೇ, ಇದೂ ಅರಬ್ಬಿಯಾ?

ಫಾರ್ಸಿ ಕಲಿಕೆ:
ಅಕ್ಕಾ, ಅರಬ್ಬಿಯೇ! ಹುಜ್ಜತ್ ಅಂದರೆ ಸಾಕ್ಷಿ, ಪುರಾವೆ. ಇರಾನಿನ ಮೌಲ್ವಿಗಳ ಬಿರುದು ಹೊಜ್ಜತ್ ಉಲ್ ಇಸ್ಲಾಮ್. ಇಸ್ಲಾಮಿನ ಪುರಾವೆ ಅಂತ. ಹಿಂದೆ ಇಮಾಮ್ ಗಜಾಲಿಯಂಥ ದೊಡ್ಡ ವಿದ್ವಾಂಸರಿಗೆ ಕೊಟ್ಟ ಬಿರುದು ಅದು. ಅಲ್ಲಿ ಪೇಟ ಸುತ್ತಿದ ಪಂಡಿತ, ಬೆಳಗಾವಿ ಬಸ್ಸಿನಲ್ಲಿ ಚಿಲ್ಲರೆ ಜಗಳ. ಪಾಪ.

ಬೀದರ್ ಮೇಷ್ಟ್ರು:
ನೋಡಿದಿರಾ, ಪುರಾವೆ, ಹುಡುಕಾಟ, ಹೇಳಿದ್ದೇ ಹೇಳುವುದು, ಮೂರೂ ಇಲ್ಲಿಗೆ ಬಂದು ಜಗಳದ ಗುಂಪಿಗೆ ಸೇರಿದವು. ನಮ್ಮ ನೆಲದ ಗುಣವೋ ಏನೋ! ತಮಾಷೆಗೆ ಹೇಳಿದೆ. ನಿಜವಾದ ಕಾರಣ ಕಚೇರಿ ಅಂತ ನನಗನ್ನಿಸುತ್ತದೆ.

ಈ ಪದಗಳು ನಮ್ಮ ಹಳ್ಳಿಗೆ ಬಂದದ್ದು ಕಾವ್ಯದ ದಾರಿಯಲ್ಲಲ್ಲ, ಕಂದಾಯದ ದಾರಿಯಲ್ಲಿ. 1347ರಲ್ಲಿ ಬಹಮನಿ ರಾಜ್ಯ ಶುರುವಾಗಿ ಕಲಬುರಗಿ ಅದರ ರಾಜಧಾನಿಯಾದಾಗಿನಿಂದ ಈ ಭಾಗದಲ್ಲಿ ಆಡಳಿತದ ಭಾಷೆ ಫಾರ್ಸಿ. ಬಿಜಾಪುರದ ಆದಿಲ್‌ಶಾಹಿಯಲ್ಲಿ ಲೆಕ್ಕಪತ್ರ ಸ್ಥಳೀಯ ಭಾಷೆಗೆ ಇಳಿದಾಗಲೂ ಪದಗಳು ಹಳೆಯವೇ ಉಳಿದವು. ಶಿವಾಜಿ ಮಹಾರಾಜರು ಇಂಥ ಪದಗಳಿಗೆ ಸಂಸ್ಕೃತದ ಬದಲಿ ಪದ ಕೊಡಲು ರಾಜವ್ಯವಹಾರಕೋಶ ಅಂತ ಒಂದು ನಿಘಂಟನ್ನೇ ಮಾಡಿಸಿದರು. ಆದರೂ ಇವತ್ತಿನ ಮರಾಠಿಯಲ್ಲಿ ತಕ್ರಾರ್ ಪೇಟಿ ಇದೆ! ಮೈಸೂರಿನಲ್ಲಿ ಟಿಪ್ಪು ಲೆಕ್ಕಪತ್ರಕ್ಕೆ ಫಾರ್ಸಿ ತಂದ. ಕಂಪನಿ ಸರ್ಕಾರ 1837ರ ಕಾಯಿದೆಯಿಂದ ಕೋರ್ಟುಗಳಲ್ಲಿ ಫಾರ್ಸಿ ಕಡ್ಡಾಯವನ್ನು ತೆಗೆಯಿತು. ಭಾಷೆ ಹೋಯಿತು, ಅರ್ಜಿ, ವಕೀಲ, ದಾವೆ, ಜಪ್ತಿ, ತಕರಾರು ಹೋಗಲಿಲ್ಲ.

ರೈತನಿಗೆ ಈ ಪದ ಕೇಳಿಸಿದ್ದೆಲ್ಲ ವ್ಯಾಜ್ಯದ ಜಾಗದಲ್ಲಿ. ಹಾಗಾಗಿ ಅವನ ಪಾಲಿಗೆ ಅದು ವ್ಯಾಜ್ಯವೇ ಆಯಿತು. ಹೇಳಿದ್ದೇ ಹೇಳುವುದು ಅನ್ನುವ ಅರ್ಥ ಕನ್ನಡದ ತನಕ ಬರಲೇ ಇಲ್ಲ.

ಫಾರ್ಸಿ ಕಲಿಕೆ:
ತಹಸೀಲ್ ಕೂಡ ಹಾಗೇ ಅಲ್ವಾ ಮೇಷ್ಟ್ರೇ? ನಮ್ಮ ಫಾರ್ಸಿ ಟೀಚರ್ "ನಿಮ್ಮ ತಹಸೀಲಾತ್ ಏನು" ಅಂತ ಕೇಳಿದಾಗ ಯಾವ ತಾಲ್ಲೂಕು ಅಂತ ಕೇಳುತ್ತಿದ್ದಾರೆ ಅಂದುಕೊಂಡು ಶಿಕಾರಿಪುರ ಅಂದೆ. ಅವರು ಕೇಳಿದ್ದು ಓದು ಎಲ್ಲಿಯವರೆಗೆ ಅಂತ.

ಬೀದರ್ ಮೇಷ್ಟ್ರು:
ಹೌದು ತಂಗಿ. ತಹ್ಸೀಲ್ ಅಂದರೆ ಗಳಿಸುವುದು. ಇರಾನಿನಲ್ಲಿ ವಿದ್ಯೆ ಗಳಿಸಿದರು, ನಮ್ಮಲ್ಲಿ ಕಂದಾಯ.

ಕಾಸರಗೋಡು ಕಡಲು:
ತಡವಾಗಿ ಬಂದೆ. ಯಾರೂ ಮಲಯಾಳಂ ಕಡೆ ಹೋಗಲಿಲ್ಲವಲ್ಲ! ನಮ್ಮ ಕಡೆ ಕರೆಂಟ್ ಹೋದರೆ "ತಕರಾರ್" ಅನ್ನುತ್ತಾರೆ. ಮಿಕ್ಸಿ ಕೆಟ್ಟರೆ ತಕರಾರ್. ರೈಲು ತಡವಾದರೆ ಪೇಪರಿನಲ್ಲಿ ಸಿಗ್ನಲ್ ತಕರಾರ್. ಅಲ್ಲಿ ಅದಕ್ಕೆ ಅರ್ಥ ದೋಷ, ಕೆಟ್ಟುಹೋಗಿರುವುದು. ಮನುಷ್ಯರ ಜಗಳಕ್ಕೂ ಅದಕ್ಕೂ ನಂಟೇ ಇಲ್ಲದ ಹಾಗೆ ಬಳಸುತ್ತಾರೆ. ನಾನು ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮಲಯಾಳಂ. ಒಮ್ಮೆ ಬೆಂಗಳೂರಿನ ಭಾವನಿಗೆ ಫೋನಿನಲ್ಲಿ "ಬೈಕಿಗೆ ಏನೋ ತಕರಾರು" ಅಂದೆ. "ಯಾರ ಜೊತೆ, ದಾಖಲೆ ಸರಿ ಇಲ್ವಾ" ಅಂತ ಕೇಳಿದ!

ತಮಿಳಿನಲ್ಲಿ ತಗರಾರು ಅಂದರೆ ಜಗಳ, ಗಲಾಟೆ. ಗಾಡಿ ಮೊಂಡಾಟ ಮಾಡಿದರೂ ಅದೇ ಪದ. ಅದನ್ನು ನೋಡಿದರೆ ದಾರಿ ಕಾಣುತ್ತೆ. ಗಾಡಿ ಮಾತು ಕೇಳದೆ ತಕರಾರು ಮಾಡುತ್ತೆ ಅಂತ ಕನ್ನಡದಲ್ಲೂ ಅನ್ನುತ್ತೇವಲ್ಲ. ಮಲಯಾಳಂನಲ್ಲಿ ಗಾಡಿಯ ಆ ಹಟ ಮರೆತುಹೋಗಿ ಕೆಟ್ಟದ್ದು ಮಾತ್ರ ಉಳಿಯಿತು ಅಂತ ಕಾಣುತ್ತೆ.

ಮಸ್ಕತ್ ಮೈಸೂರಿಗ:
ಅಯ್ಯೋ, ಇದು ನನಗೆ ಗೊತ್ತಿದ್ದರೆ! ನಮ್ಮ ಆಫೀಸಿನಲ್ಲಿ ಮಲಯಾಳಿಗಳೂ ಇದ್ದಾರೆ. ಆ ಎಕ್ಸೆಲ್ ಹಾಳೆ ಅವರು ಓದಿದ್ದರೆ ಪಂಪು 22 ಸಲ ಕೆಟ್ಟಿದೆ ಅನ್ನುತ್ತಿದ್ದರು. ಒಂದೇ ಕಾಲಂ, ಮಾರಾಟ, ದೂರು, ರಿಪೇರಿ.

ಬೆಳಗಾವಿ ಕುಂದಾ:
ಮೇಷ್ಟ್ರೇ, ಒಂದು ಅನುಮಾನ ಉಳೀತು. ಗಂಟಲು ಕ ಕನ್ನಡದಲ್ಲಿ ಸುಮ್ನೆ ಕ ಆಗುತ್ತೆ ಅಂದಿರಿ. ಕಾನೂನು, ಕಾಯಿದೆ, ಕರಾರು ಸರಿ. ಆದರೆ ಖೈದಿ, ಖಾಯಂ ಅಂತ ಖ ಹಾಕುತ್ತೇವಲ್ಲ?

ಬೀದರ್ ಮೇಷ್ಟ್ರು:
ಒಳ್ಳೆ ಪ್ರಶ್ನೆ. ನಮ್ಮ ದಖನಿ ಮಾತಿನಲ್ಲಿ, ಅಂದರೆ ಈ ಕಡೆಯ ಉರ್ದುವಿನಲ್ಲಿ, ಗಂಟಲು ಕ ಹೆಚ್ಚಾಗಿ ಖ ಆಗುತ್ತೆ. ಕಬ್ರ್ ಅನ್ನುವ ಗೋರಿ ನಮ್ಮ ಬಾಯಲ್ಲಿ ಖಬರ್. ಲಖನೌದವರು ಇದಕ್ಕೆ ನಗುತ್ತಾರೆ, ನಗಲಿ. ಖೈದಿ, ಖಾಯಂ ಕಿವಿಯಿಂದ, ದಖನಿ ಬಾಯಿಂದ ಬಂದಿರಬೇಕು, ಕರಾರು, ಕಾನೂನು ಕಾಗದದಿಂದ ಬಂದಿರಬೇಕು ಅಂತ ನನ್ನ ಊಹೆ. ಊಹೆ ಅಷ್ಟೇ, ಇದರ ಮೇಲೆ ತಕರಾರು ಅರ್ಜಿ ಹಾಕಬಹುದು.

ಅಂದ ಹಾಗೆ ಕರಾರುವಾಕ್ಕು ಅನ್ನುತ್ತೇವಲ್ಲ, ಅಲ್ಲಿರುವುದು ಗಂಟಲು ಕ. ಕರಾರೆ ವಾಕಯೀ ಅನ್ನುವುದರ ಸವೆದ ರೂಪ. ಅದಕ್ಕೂ ಕನ್ನಡದ ವಾಕ್ಕಿಗೂ ನಂಟಿಲ್ಲ.

ಕೆರೆ ಏರಿ:
ವಾಕ್ಕು ಸಂಸ್ಕೃತ ಅಲ್ವಾ? ಕರಾರಿನ ಮಾತು, ಕರಾರು ವಾಕ್ಕು. ಅಜ್ಜ ಹೇಳುತ್ತಿದ್ದರು.

ಗಝಲ್ ಗೀಳು:
ಮುಕರ್ರರ್!

ಹಳೇ ಪಹಣಿ:
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಮತ್ತೆ ಕಚೇರಿಗೆ ಹೋಗಿದ್ದೆ. ಚಿಕ್ಕಪ್ಪ ಹಾಕಿರುವ ಅರ್ಜಿಯ ಪ್ರತಿ ಕೊನೆಗೂ ಕೈಗೆ ಬಂತು. ಹೋದ ಸಲ ಹಾಕಿದ್ದೇ. ಒಂದಕ್ಷರ ಬದಲಾಗಿಲ್ಲ, ಕಾಗುಣಿತದ ತಪ್ಪು ಕೂಡ ಹಾಗೇ ಇದೆ. ದಿನಾಂಕ ಮಾತ್ರ ಬೇರೆ. ಅರಬ್ಬಿ ಅರ್ಥದಲ್ಲೂ ತಕರಾರು ಅರ್ಜಿಯೇ ಮೇಷ್ಟ್ರೇ. ಬೆಂಚಿನ ಮೇಲೆ ಆ ಹಿರಿಯರೂ ಇದ್ದರು. ಎರಡು ಕ ವಿಷಯ ಹೇಳಿದೆ. ಗಂಟಲಿನಿಂದ ಕ ಹೊರಡಿಸಲು ನೋಡಿ ಕೆಮ್ಮು ಬಂತು, ನೀರು ಕುಡಿಸಿದೆ.

ಬೆಳಗಾವಿ ಕುಂದಾ:
ಆ ಪ್ರತಿ ಜೋಪಾನ. ಹೋದ ಸಲದ್ದರ ನಕಲು ಕೂಡ ತೆಗೆಸಿಟ್ಟುಕೊಳ್ಳಿ, ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿ. ಕೆಲಸಕ್ಕೆ ಬರುತ್ತೆ.

ಮಸ್ಕತ್ ಮೈಸೂರಿಗ:
ನಕಲು ಅಂದಿರಾ? ಇಲ್ಲಿ ರಸ್ತೆ ತುಂಬ ಲಾರಿಗಳ ಮೇಲೆ ನಕ್ಲ್ ಅಂತ ಬರೆದಿರುತ್ತೆ. ಮೊದಲ ವಾರ ನಾನು ಇವೆಲ್ಲ ಡುಪ್ಲಿಕೇಟ್ ಲಾರಿ ಅಂದುಕೊಂಡಿದ್ದೆ. ಅದು ಸಾಮಾನು ಸಾಗಾಟ. ಮೇಷ್ಟ್ರೇ, ಇದಕ್ಕೆ ಬೇರೆ ಎಳೆ ಶುರು ಮಾಡಲಾ?